50 ಕ್ಯೂಬಿಟ್ ಹೆಣೆದುಕೊಂಡಿವೆ ಅಂತಾರಲ್ಲ, ಅಳೆದು ನೋಡಿದವರು ಯಾರು?

ಶಿಡ್ಲಘಟ್ಟ ಮೇಷ್ಟ್ರು
ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಕಾಲೇಜಿನ ಬಿಎಸ್ಸಿ ಮಕ್ಕಳಿಗೆ ಕ್ವಾಂಟಮ್ ಬಗ್ಗೆ ಒಂದು ಗಂಟೆ ಮಾತಾಡಬೇಕು. ನಿನ್ನೆ ಕ್ಲಾಸಿನಲ್ಲೇ ಸ್ವಲ್ಪ ಪೀಠಿಕೆ ಹಾಕಿದೆ. ಎಂಟ್ಯಾಂಗಲ್‌ಮೆಂಟ್ ಅಂದರೆ ಏನು, ಹೆಣೆದುಕೊಂಡ ಎರಡು ಕಣ ದೂರ ಹೋದರೂ ಫಲಿತಾಂಶ ಹೇಗೆ ಜೋಡಿಯಾಗಿ ಬರುತ್ತದೆ, 2022ರ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ ಯಾಕೆ ಬಂತು, ಎಲ್ಲ ಹೇಳಿದೆ. ಅಳೆದಾಗ 0 ಅಥವಾ 1 ಕೊಡುವ ಕ್ವಾಂಟಮ್ ಘಟಕಕ್ಕೆ ಕ್ಯೂಬಿಟ್ ಅನ್ನುತ್ತಾರೆ ಅಂತಲೂ ಹೇಳಿದೆ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಎರಡು ಕಣ ಸರಿ. 50 ಕ್ಯೂಬಿಟ್ ಹೆಣೆದುಕೊಂಡಿವೆ ಅಂತ ಪೇಪರಲ್ಲಿ ಬರುತ್ತಲ್ಲ, ಅದನ್ನ ಚೆಕ್ ಮಾಡೋದು ಹೇಗೆ?"

ನಾನು ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹುಡುಕುವ ನಾಟಕ ಮಾಡಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಕ್ಯೂಬಿಟ್ಟಿನ ಸ್ಥಿತಿ ಪೂರ್ತಿ ತಿಳಿಯಬೇಕಾದರೆ ಮೂರು ದಿಕ್ಕಿನಲ್ಲಿ ಅಳೆಯಬೇಕು. ಎರಡಕ್ಕೆ ದಿಕ್ಕುಗಳ 9 ಜೋಡಣೆ, ಮೂರಕ್ಕೆ 27. ಹೀಗೇ ಹೋದರೆ 50ಕ್ಕೆ 24 ಅಂಕಿಯ ಸಂಖ್ಯೆ ಬರುತ್ತದೆ. ಸೆಕೆಂಡಿಗೆ ಒಂದು ಜೋಡಣೆ ಮುಗಿಸಿದರೂ ವಿಶ್ವದ ವಯಸ್ಸಿನ 16 ಲಕ್ಷ ಪಟ್ಟು ಕಾಲ ಬೇಕು. ಹಾಗಾದರೆ ಇದೆಲ್ಲ ನಂಬಿಕೆಯ ಮೇಲೆ ನಡೆಯುತ್ತಿದೆಯಾ? ಏನೋ ಅಡ್ಡದಾರಿ ಇರಲೇಬೇಕು. ಗೊತ್ತಿದ್ದವರು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಿ.

ಟೊಮೇಟೊ ಮಂಡಿ
ಮಂಗಳವಾರ, ರಾತ್ರಿ 9:52

ಮೇಷ್ಟ್ರೇ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಾ? ನಮ್ಮ ಕೋಲಾರದ ಮಂಡಿಗೆ ಬನ್ನಿ. ಒಂದು ಲೋಡಿನಲ್ಲಿ 15 ಕೆಜಿಯ ನೂರಾರು ಬಾಕ್ಸ್ ಬರುತ್ತವೆ. ಎಲ್ಲಾ ಬಾಕ್ಸ್ ಸುರಿದು ನೋಡುವವರು ಯಾರು? ಮೇಲಿಂದ ಒಂದು, ಅಡಿಯಿಂದ ಒಂದು ಎಳೆದು ನೋಡಿದರೆ ಮಾಲು ಏನು ಅಂತ ಗೊತ್ತಾಗುತ್ತದೆ. ಕ್ಯೂಬಿಟ್ಟಿಗೂ ಅದೇ ಮಾಡಲಿ.

ಸಿರಾ ಸೀಮೆ
ಮಂಗಳವಾರ, ರಾತ್ರಿ 9:55

ಅಡಿಯ ಬಾಕ್ಸಿನಲ್ಲಿ ಕೊಳೆತದ್ದು ಇಟ್ಟು ಮೇಲೆ ಕೆಂಪಗೆ ಜೋಡಿಸಿರುವುದನ್ನೂ ನೋಡಿದ್ದೇವೆ ಬಿಡಿ.

ಗುಬ್ಬಿ ಗೂಡು
ಮಂಗಳವಾರ, ರಾತ್ರಿ 10:20

ನಾನು ಗುಬ್ಬಿ ಕಡೆಯವಳು. ಈಗ ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಂಡಿ ಅಣ್ಣ ಹೇಳಿದ್ದು ಚೆನ್ನಾಗಿದೆ, ಆದರೆ ಇಲ್ಲಿ ನಡೆಯುವುದಿಲ್ಲ. ಟೊಮೇಟೊ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆ ಬಾಕ್ಸಿನ ಒಳಗೇ ಇರುತ್ತದೆ. ಎಂಟ್ಯಾಂಗಲ್‌ಮೆಂಟ್ ಯಾವ ಬಾಕ್ಸಿನ ಒಳಗೂ ಇಲ್ಲ, ಬಾಕ್ಸ್‌ಗಳ ನಡುವೆ ಇದೆ. ಪೂರ್ತಿ ಹೆಣೆದುಕೊಂಡ ಎರಡು ಕ್ಯೂಬಿಟ್‌ಗಳಲ್ಲಿ ಒಂದನ್ನೇ ಎತ್ತಿ ಯಾವ ದಿಕ್ಕಿನಿಂದ ಅಳೆದರೂ ನಾಣ್ಯ ಚಿಮ್ಮಿದ ಹಾಗೆ ಅರ್ಧ ಸಲ 0, ಅರ್ಧ ಸಲ 1. ಇನ್ನೊಂದೂ ಹಾಗೇ. ಎರಡರ ಪಟ್ಟಿ ಅಕ್ಕಪಕ್ಕ ಇಟ್ಟಾಗ ಮಾತ್ರ ಗುಟ್ಟು ಕಾಣುತ್ತದೆ.

ಇನ್ನೂ ಒಂದು ಕಷ್ಟ ಇದೆ. ಅಳೆದ ತಕ್ಷಣ ಆ ಸ್ಥಿತಿ ಮುಗಿಯಿತು. ಮತ್ತೆ ಮೊದಲಿಂದ ತಯಾರು ಮಾಡಬೇಕು. ಜೆರಾಕ್ಸ್ ಮಾಡಿ ಇಟ್ಟುಕೊಳ್ಳೋಣ ಅಂದರೆ ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ನಕಲು ಸಾಧ್ಯವೇ ಇಲ್ಲ ಅಂತ 1982ರಲ್ಲೇ ತೋರಿಸಿಬಿಟ್ಟಿದ್ದಾರೆ.

ಗೌರಿಬಿದನೂರು ಆಂಟೆನಾ
ಮಂಗಳವಾರ, ರಾತ್ರಿ 10:31

ನಡುವೆ ಇದೆ ಅಂದಮೇಲೆ ಎರಡೆರಡನ್ನೇ ನೋಡಿದರೆ ಆಯಿತಲ್ಲ. ನಮ್ಮೂರ ಪಕ್ಕದ ರೇಡಿಯೊ ದೂರದರ್ಶಕ ನೋಡಿದ್ದೀರಲ್ಲ, ನೆಲದ ಮೇಲೆ ಇಂಗ್ಲಿಷಿನ ಟಿ ಆಕಾರದಲ್ಲಿ ಸಾಲು ಸಾಲು ಆಂಟೆನಾ. ಒಂದು ಸಾಲಿನ ಸಂಕೇತವನ್ನು ಇನ್ನೊಂದು ಸಾಲಿನದರ ಜೊತೆ ಹೊಂದಿಸಿ ಆಕಾಶದ ಚಿತ್ರ ತೆಗೆಯುತ್ತಾರೆ. 50 ಕ್ಯೂಬಿಟ್ ಅಂದರೆ 1,225 ಜೋಡಿ. ಒಂದು ದಿನದ ಕೆಲಸ.

ಗುಬ್ಬಿ ಗೂಡು
ಮಂಗಳವಾರ, ರಾತ್ರಿ 10:44

ಇಲ್ಲ ಸಾರ್. "ಎಲ್ಲ 0" ಮತ್ತು "ಎಲ್ಲ 1" ಎರಡೂ ಒಟ್ಟಿಗೆ ಇರುವ ಒಂದು ಸ್ಥಿತಿ ಇದೆ, ಜಿಎಚ್‌ಝೆಡ್ ಅಂತ ಕರೆಯುತ್ತಾರೆ. 50 ಕ್ಯೂಬಿಟ್ಟೂ ಒಂದೇ ಗಂಟಿನಲ್ಲಿ ಇರುತ್ತವೆ. ಅದರಲ್ಲಿ ಯಾವ ಎರಡನ್ನು ಎತ್ತಿಕೊಂಡರೂ ಆ ಎರಡರ ನಡುವೆ ಎಂಟ್ಯಾಂಗಲ್‌ಮೆಂಟ್ ಸೊನ್ನೆ. 1,225 ಜೋಡಿ ನೋಡಿ "ಏನೂ ಇಲ್ಲ" ಅಂತ ಬರೆದು ಮನೆಗೆ ಹೋಗುತ್ತೀರಿ.

ಚರಕದವರು
ಮಂಗಳವಾರ, ರಾತ್ರಿ 11:05

ನಂಗೆ ಫಿಸಿಕ್ಸ್ ಬರಲ್ಲ. ರೇಷ್ಮೆ ನೂಲು ಬಿಚ್ಚುವುದು ನಮ್ಮ ಕಸುಬು. ಇದನ್ನೆಲ್ಲ ಓದಿದಾಗ ನೆನಪಾಗಿದ್ದು ಡಬಲ್ ಗೂಡು.

ಕೆಲವು ಸಲ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ನೋಡಲು ಸ್ವಲ್ಪ ದಪ್ಪ, ಅಷ್ಟೇ. ಒಳ್ಳೆಯ ಗೂಡಾದರೆ ಬಿಸಿನೀರಿನಲ್ಲಿ ಎಳೆ ಸಿಕ್ಕಿತು ಅಂದರೆ ಕೊನೆಯವರೆಗೂ ಸರಾಗವಾಗಿ ಬಿಚ್ಚುತ್ತದೆ. ಡಬಲ್ ಗೂಡಿನಲ್ಲಿ ಎರಡು ಎಳೆ ಒಂದರೊಳಗೊಂದು ಹೋಗಿರುತ್ತವೆ. ಇದು ಇವನದು, ಇದು ಅವನದು ಅಂತ ಬೇರೆ ಮಾಡಲು ಆಗುವುದೇ ಇಲ್ಲ. ಎಳೆದಷ್ಟೂ ತುಂಡಾಗುತ್ತದೆ. ನೀವು ಹೇಳುವುದು ಇದೇ ಥರಾನಾ?

ಶಿಡ್ಲಘಟ್ಟ ಮೇಷ್ಟ್ರು
ಮಂಗಳವಾರ, ರಾತ್ರಿ 11:12

ಸಾರ್, ಶನಿವಾರದ ಮಾತಿಗೆ ಮೊದಲ ಐದು ನಿಮಿಷ ನೀವು ಕೊಟ್ಟಿರಿ! ನಮ್ಮ ಕ್ಲಾಸಿನಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಹುಳ ಮೇಯಿಸುತ್ತಾರೆ.

ಗುಬ್ಬಿ ಗೂಡು
ಮಂಗಳವಾರ, ರಾತ್ರಿ 11:20

ಚೆನ್ನಾಗಿದೆ. ನಾನೂ ಕದಿಯುತ್ತೇನೆ. ಆದರೆ ಮಕ್ಕಳಿಗೆ ಒಂದು ಮಾತು ಸೇರಿಸಿ ಸಾರ್: ಗೂಡಿನಲ್ಲಿ ಎರಡು ಎಳೆ ನಿಜವಾಗಿಯೂ ಬೇರೆ ಬೇರೆ ಇವೆ, ಬಿಡಿಸಲು ನಮಗೆ ಕೈಲಾಗುವುದಿಲ್ಲ, ಅಷ್ಟೇ. ಕ್ವಾಂಟಮ್ಮಿನಲ್ಲಿ "ಇವನ ಎಳೆ" ಅನ್ನುವುದೇ ಇರುವುದಿಲ್ಲ. ಇಡೀ ಗೂಡಿನ ಬಗ್ಗೆ ಎಲ್ಲ ಗೊತ್ತಿದ್ದರೂ ಭಾಗದ ಬಗ್ಗೆ ಏನೂ ಗೊತ್ತಿಲ್ಲ ಅನ್ನುವ ಪರಿಸ್ಥಿತಿ. 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಒತ್ತಿ ಹೇಳಿದ್ದು ಇದನ್ನೇ.

ಪದಕೋಶ
ಬುಧವಾರ, ಬೆಳಿಗ್ಗೆ 6:15

ಎಷ್ಟು ಸಲ "ಎಂಟ್ಯಾಂಗಲ್‌ಮೆಂಟ್" ಅಂತ ಬರೆಯುತ್ತೀರಿ? ಕನ್ನಡದಲ್ಲಿ ಪದಕ್ಕೆ ಬರ ಬಂದಿದೆಯಾ? ತೊಡಕು ಅನ್ನಿ.

ಸಿರಾ ಸೀಮೆ
ಬುಧವಾರ, ಬೆಳಿಗ್ಗೆ 6:40

ತೊಡಕು ಅಂದರೆ ನಮ್ಮ ಕಡೆ ಯುಗಾದಿ ಮಾರನೇ ದಿನ. ಮಟನ್ ನೆನಪಾಗುತ್ತದೆ.

ಕೆಜಿಎಫ್ ತಾತ
ಬುಧವಾರ, ಬೆಳಿಗ್ಗೆ 7:02

ಸಿಕ್ಕು?

ಪದಕೋಶ
ಬುಧವಾರ, ಬೆಳಿಗ್ಗೆ 7:10

ಸಿಕ್ಕು ಕೂದಲಿಗೆ. ಶ್ರೋಡಿಂಗರ್ ಬಳಸಿದ ಜರ್ಮನ್ ಪದ ಫರ್‌ಶ್ರೆಂಕುಂಗ್. ಎದೆಯ ಮೇಲೆ ಎರಡು ಕೈ ಅಡ್ಡಡ್ಡ ಕಟ್ಟಿಕೊಳ್ಳುತ್ತೇವಲ್ಲ, ಆ ಭಾವ. ಅಲ್ಲಿ ಗಲೀಜು ಇಲ್ಲ, ಕ್ರಮ ಇದೆ. ಹಾಗಾಗಿ "ಹೆಣಿಗೆ" ಸರಿ ಅನಿಸುತ್ತದೆ. ಮೇಷ್ಟ್ರ ತಲೆಬರಹದಲ್ಲೇ "ಹೆಣೆದುಕೊಂಡಿವೆ" ಅಂತ ಇದೆ.

ಗುಬ್ಬಿ ಗೂಡು
ಬುಧವಾರ, ಬೆಳಿಗ್ಗೆ 8:30

ಹೆಣಿಗೆ ನನಗೆ ಒಪ್ಪಿಗೆ. ಗೈಡ್ ಮುಂದೆ ಮಾತ್ರ ಹೇಳಲ್ಲ.

ಈಗ ಮೇಷ್ಟ್ರ ಲೆಕ್ಕಕ್ಕೆ ಬರೋಣ. ಪೂರ್ತಿ ಸ್ಥಿತಿಯ ಚಿತ್ರ ತೆಗೆಯುವುದಕ್ಕೆ ಟೊಮೊಗ್ರಫಿ ಅನ್ನುತ್ತಾರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನಲ್ಲಿ 2005ರಲ್ಲಿ 8 ಕ್ಯಾಲ್ಸಿಯಂ ಅಯಾನುಗಳಿಗೆ (ಒಂದೊಂದು ಅಯಾನೂ ಒಂದು ಕ್ಯೂಬಿಟ್) ಇದನ್ನು ಮಾಡಿದರು. 6,561 ಜೋಡಣೆ, ಒಂದೊಂದನ್ನೂ 100 ಸಲ. ಒಟ್ಟು 6,56,100 ಸಲ ತಯಾರು ಮಾಡು, ಅಳೆ, ಬಿಸಾಕು. 10 ಗಂಟೆ ಹಿಡಿಯಿತು. ಅದೇ ವೇಗದಲ್ಲಿ 20 ಅಯಾನು ಅಂದರೆ ಸುಮಾರು 600 ವರ್ಷ. ವಿಜಯನಗರದ ಕಾಲದಲ್ಲಿ ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು.

ಹಾಗಾಗಿ ಜನ ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದರು. ಇಡೀ ಚಿತ್ರ ಬೇಡ, ಹೆಣಿಗೆ ಎಷ್ಟಿದೆ ಅನ್ನುವ ಒಂದು ಸಂಖ್ಯೆ ಸಾಕು ಅಂತ. ಅದಕ್ಕೆ ಒಂದು ಸುಲಭದ ಉಪಾಯ ಇದೆ. ಕೆಲಸ ಮುಗಿಸಿ ಸಂಜೆ ಬರೆಯುತ್ತೇನೆ.

ಅನುಮಾನದ ಅಂಗಡಿ
ಬುಧವಾರ, ಬೆಳಿಗ್ಗೆ 9:15

ಸಂಜೆವರೆಗೆ ಕಾಯುವಾಗ ಒಂದು ಮಾತು. ನಮ್ಮ ಬಡಾವಣೆಯಲ್ಲಿ ಒಬ್ಬರು "ಕ್ವಾಂಟಮ್ ಬಳೆ" ಮಾರುತ್ತಿದ್ದಾರೆ, ಹಾಕಿಕೊಂಡರೆ ಮಂಡಿನೋವು ಹೋಗುತ್ತದಂತೆ. ನನ್ನ ಅತ್ತೆ 1,800 ರೂಪಾಯಿ ಕೊಟ್ಟು ತಂದರು. ಮಂಡಿ ಹಾಗೇ ಇದೆ. ಕ್ವಾಂಟಮ್ ಅಂದ ತಕ್ಷಣ ನಾನು ಜೇಬು ಮುಟ್ಟಿ ನೋಡಿಕೊಳ್ಳುವುದು ಅದಕ್ಕೇ.

ಟೊಮೇಟೊ ಮಂಡಿ
ಬುಧವಾರ, ಬೆಳಿಗ್ಗೆ 9:20

ನಮ್ಮ ಮಂಡಿ ಹೆಸರು ಹಾಳು ಮಾಡಬೇಡಿ 😄

ಗುಬ್ಬಿ ಗೂಡು
ಬುಧವಾರ, ಸಂಜೆ 7:45

ಸರಿ, ಉಪಾಯ. ಮೊದಲು ಒಂದೇ ಕ್ಯೂಬಿಟ್ ಇಟ್ಟುಕೊಳ್ಳೋಣ. ಪ್ರಶ್ನೆ ಇಷ್ಟು: ಇದು ತನ್ನಷ್ಟಕ್ಕೆ ತಾನು ಇದೆಯಾ, ಅಥವಾ ಬೇರೆಯದರ ಜೊತೆ ಹೆಣೆದುಕೊಂಡಿದೆಯಾ?

ಕಣ್ಣು ಮುಚ್ಚಿ ಯಾವುದೋ ಒಂದು ದಿಕ್ಕು ಆರಿಸಿ. ಆ ದಿಕ್ಕಿನಲ್ಲಿ ಅಳೆಯಿರಿ. ಮತ್ತೆ ಅದೇ ಸ್ಥಿತಿ ತಯಾರು ಮಾಡಿ, ಅದೇ ದಿಕ್ಕಿನಲ್ಲಿ ಇನ್ನೊಂದು ಸಲ ಅಳೆಯಿರಿ. ಎರಡು ಉತ್ತರ ಒಂದೇನಾ, ಬೇರೇನಾ? ಬರೆದುಕೊಳ್ಳಿ. ಈಗ ಬೇರೆ ದಿಕ್ಕು ಆರಿಸಿ, ಮತ್ತೆ ಎರಡು ಸಲ. ಹೀಗೇ ಮಾಡುತ್ತಾ ಹೋಗಿ.

ಪೂರ್ತಿ ಹೆಣೆದುಕೊಂಡಿದ್ದರೆ ಯಾವ ದಿಕ್ಕಾದರೂ ನಾಣ್ಯವೇ. ಎರಡು ಉತ್ತರ ಹೊಂದುವ ಸಾಧ್ಯತೆ ಅರ್ಧ. ತನ್ನಷ್ಟಕ್ಕೆ ತಾನು ಇದ್ದರೆ ಅದಕ್ಕೆ ಒಂದು ಸ್ವಂತ ದಿಕ್ಕು ಇರುತ್ತದೆ. ನಾವು ಆರಿಸಿದ್ದು ಅದಕ್ಕೆ ಹತ್ತಿರ ಇದ್ದಾಗ ಉತ್ತರ ಮತ್ತೆ ಮತ್ತೆ ಒಂದೇ ಬರುತ್ತದೆ, ಅಡ್ಡ ಇದ್ದಾಗ ನಾಣ್ಯದ ಥರ. ಎಲ್ಲ ದಿಕ್ಕುಗಳ ಸರಾಸರಿ ಹಾಕಿದರೆ ಹೊಂದುವ ಸಾಧ್ಯತೆ ಮೂರರಲ್ಲಿ ಎರಡು.

ಅರ್ಧವಾ, ಮೂರರಲ್ಲಿ ಎರಡಾ. ಕ್ಯೂಬಿಟ್ಟಿನ ಸ್ವಂತ ದಿಕ್ಕು ಯಾವುದು ಅಂತ ನಾವು ಹುಡುಕಲೇ ಇಲ್ಲ ನೋಡಿ. ಹುಡುಕುವ ಖರ್ಚೇ ಉಳಿಯಿತು.

ಹಲವು ಕ್ಯೂಬಿಟ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಗೊತ್ತುಗುರಿಯಿಲ್ಲದ ದಿಕ್ಕು. ಎರಡು ಸಲದ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟು ಎಷ್ಟು ಜಾಗದಲ್ಲಿ ಬೇರೆ ಬಂದಿದೆ ಎಣಿಸಿ. ಒಂದೊಂದು ವ್ಯತ್ಯಾಸಕ್ಕೂ ಮೈನಸ್ ಅರ್ಧದಿಂದ ಗುಣಿಸಿ, ಸರಾಸರಿ ತೆಗೆದು, ಕ್ಯೂಬಿಟ್ಟಿಗೆ ಒಂದು ಸಲದಂತೆ 2ರಿಂದ ಗುಣಿಸಿ. ಬರುವ ಸಂಖ್ಯೆಗೆ ಪ್ಯೂರಿಟಿ ಅಂತ ಹೆಸರು, ಶುದ್ಧತೆ ಅನ್ನೋಣ. ಒಂದು ಕ್ಯೂಬಿಟ್ಟಿಗೆ ಹಾಕಿ ನೋಡಿ: ಮೂರರಲ್ಲಿ ಎರಡು ಹೊಂದಿದರೆ 1 ಬರುತ್ತದೆ, ಅರ್ಧ ಹೊಂದಿದರೆ ಅರ್ಧ ಬರುತ್ತದೆ.

2019ರಲ್ಲಿ ಅದೇ ಇನ್ಸ್‌ಬ್ರುಕ್ಕಿನವರು 20 ಅಯಾನುಗಳ ಸಾಲಿನಲ್ಲಿ 10 ಅಯಾನಿನವರೆಗಿನ ಭಾಗಗಳನ್ನು ಹೀಗೆ ಅಳೆದರು. ಟೊಮೊಗ್ರಫಿಯಾದರೆ 10ಕ್ಕೆ 59,049 ಜೋಡಣೆ ಬೇಕು. ಇಲ್ಲಿ ಸುಮಾರು 500 ಸಾಕಾಯಿತು. ನನಗೆ ಇಷ್ಟವಾದ ಭಾಗ ಯಾವುದು ಗೊತ್ತಾ? ಅಳೆದ ಪಟ್ಟಿ ಒಂದೇ. ಮೂರನೇ ಮತ್ತು ಏಳನೇ ಅಯಾನಿನ ಶುದ್ಧತೆ ಬೇಕಾ, ಆ ಎರಡು ಕಾಲಂ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿ ಲೆಕ್ಕ ಹಾಕಿ. ಹೊಸದಾಗಿ ಏನೂ ಅಳೆಯಬೇಕಿಲ್ಲ.

ಪೈಥಾನ್ ಪಾಪಣ್ಣ
ಬುಧವಾರ, ರಾತ್ರಿ 8:50

ತುಮಕೂರಿನಿಂದ. ಮೇಡಂ, ನಿಮ್ಮ ಮೂರರಲ್ಲಿ ಎರಡು ತಪ್ಪು ಅನಿಸುತ್ತದೆ. ಈಗಷ್ಟೇ ಕೋಡ್ ಬರೆದು 10 ಲಕ್ಷ ಸಲ ಓಡಿಸಿದೆ. 0ಯಿಂದ 180 ಡಿಗ್ರಿಯ ಒಳಗೆ ಯಾವುದೋ ಒಂದು ಕೋನ ಆರಿಸಿ, ಎರಡು ಸಲ ಅಳೆದು, ಹೊಂದಿತಾ ನೋಡಿದೆ. 0.75 ಬರುತ್ತಿದೆ. ಪ್ರತಿ ಸಲವೂ.

ಕೆಜಿಎಫ್ ತಾತ
ಬುಧವಾರ, ರಾತ್ರಿ 9:10

ಮಗೂ, ನೀನು ವೃತ್ತದ ಮೇಲೆ ಆರಿಸಿದ್ದೀಯ. ದಿಕ್ಕುಗಳು ಇರುವುದು ಗೋಳದ ಮೇಲೆ. ಭೂಗೋಳ ತೆಗೆದುಕೋ. ಧ್ರುವದ ಹತ್ತಿರದ 10 ಡಿಗ್ರಿಯ ಜಾಗ ಒಂದು ಸಣ್ಣ ಟೋಪಿ. ಸಮಭಾಜಕದ ಹತ್ತಿರದ 10 ಡಿಗ್ರಿ ಇಡೀ ಭೂಮಿ ಸುತ್ತುವ ಪಟ್ಟಿ. ನಿನ್ನ ಕೋಡಿನಲ್ಲಿ ಎರಡಕ್ಕೂ ಸಮಾನ ಪಾಲು ಸಿಕ್ಕಿದೆ. ಧ್ರುವಕ್ಕೆ ಹೋದವರು ಜಾಸ್ತಿಯಾದರು, ಅದಕ್ಕೇ ಹೊಂದುವುದೂ ಜಾಸ್ತಿ ಆಯಿತು. ಕೋನ ಆರಿಸಬೇಡ, ಕೋನದ ಕೊಸೈನನ್ನು ಮೈನಸ್ 1ರಿಂದ 1ರ ಒಳಗೆ ಆರಿಸು.

ಪೈಥಾನ್ ಪಾಪಣ್ಣ
ಬುಧವಾರ, ರಾತ್ರಿ 9:18

0.667 ಬಂತು. ತಾತ, ಕಾಲಿಗೆ ಬಿದ್ದೆ 🙏

ಅನುಮಾನದ ಅಂಗಡಿ
ಬುಧವಾರ, ರಾತ್ರಿ 9:40

ನನ್ನ ಅಂಗಡಿ ಇನ್ನೂ ತೆರೆದಿದೆ. ಮೇಡಂ, ಕ್ಯೂಬಿಟ್ ಕೆಟ್ಟುಹೋಗಿದ್ದರೂ ನಾಣ್ಯದ ಥರಾನೇ ಉತ್ತರ ಕೊಡುತ್ತದಲ್ಲ? ಬಿಸಿಯಾಗಿಯೋ, ಲೇಸರ್ ಅಲ್ಲಾಡಿಯೋ. ಹೊಂದಾಣಿಕೆ ಅರ್ಧ ಬಂದ ತಕ್ಷಣ "ಆಹಾ ಹೆಣಿಗೆ" ಅಂತ ಕುಣಿದರೆ ನಮ್ಮ ಅತ್ತೆಯ ಬಳೆಗೂ ಇದಕ್ಕೂ ಏನು ವ್ಯತ್ಯಾಸ?

ಗುಬ್ಬಿ ಗೂಡು
ಬುಧವಾರ, ರಾತ್ರಿ 10:05

ಈ ಇಡೀ ಚರ್ಚೆಯಲ್ಲಿ ಒಳ್ಳೆಯ ಪ್ರಶ್ನೆ ಇದು. ಭಾಗ ಒಂದನ್ನೇ ನೋಡಿದರೆ ನೀವು ಹೇಳಿದ್ದು ಸರಿ, ಹೆಣಿಗೆಯಾ ಗಲಾಟೆಯಾ ಗೊತ್ತಾಗುವುದಿಲ್ಲ. ಅದಕ್ಕೇ ಭಾಗವನ್ನೂ ಅಳೆದು, ಇಡಿಯನ್ನೂ ಅಳೆಯುತ್ತಾರೆ.

ನಮ್ಮ ದಿನನಿತ್ಯದ ಲೋಕದಲ್ಲಿ ಇಡೀ ಮನೆ ಅಚ್ಚುಕಟ್ಟಾಗಿದ್ದರೆ ಒಂದೊಂದು ಕೋಣೆಯೂ ಅಚ್ಚುಕಟ್ಟಾಗಿರಲೇಬೇಕು. ಕೋಣೆ ಅಸ್ತವ್ಯಸ್ತ, ಮನೆ ಮಾತ್ರ ಅಚ್ಚುಕಟ್ಟು ಅಂದರೆ ಯಾರೂ ನಂಬಲ್ಲ. ಕ್ವಾಂಟಮ್ಮಿನಲ್ಲಿ ಅದು ಆಗುತ್ತದೆ, ಹೆಣಿಗೆ ಇದ್ದಾಗ ಮಾತ್ರ. ಭಾಗದ ಶುದ್ಧತೆ ಇಡಿಯ ಶುದ್ಧತೆಗಿಂತ ಕಮ್ಮಿ ಬಂದರೆ ಹೆಣಿಗೆ ಇದೆ ಅಂತ ಖಚಿತ. ಬರೀ ಗಲಾಟೆಯಿಂದ ಆ ಫಲಿತಾಂಶ ಬರಲು ಸಾಧ್ಯವಿಲ್ಲ.

ಆದರೆ ಗಲಾಟೆ ಜಾಸ್ತಿಯಾದರೆ ಇಡಿಯೂ ಕೊಳಕಾಗುತ್ತದೆ. ಆಗ ಹೆಣಿಗೆ ಇದ್ದರೂ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಬೇರೆ, ಇನ್ನೂ ಸೂಕ್ಷ್ಮ ಪರೀಕ್ಷೆಗಳು ಬೇಕು.

ಕೆಜಿಎಫ್ ತಾತ
ಬುಧವಾರ, ರಾತ್ರಿ 10:30

ಗಲಾಟೆ ಅಂದಿರಿ, ನಮ್ಮ ಗಣಿ ನೆನಪಾಯಿತು. 1965ರಲ್ಲಿ ಇಲ್ಲೇ ನೆಲದ ಕೆಳಗೆ 2 ಕಿಲೋಮೀಟರ್‌ಗೂ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣ ಹಿಡಿದರು. ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು. ಅಷ್ಟು ಆಳಕ್ಕೆ ಇಳಿದದ್ದು ಯಾಕೆ ಅಂದರೆ ಮೇಲಿನ ಕಾಸ್ಮಿಕ್ ಕಿರಣಗಳ ಗಲಾಟೆ ತಪ್ಪಿಸಿಕೊಳ್ಳಲು. ತಲೆ ಮೇಲಿನ ಬಂಡೆಯೇ ಸೋಸುವ ಬಟ್ಟೆ. 2001ರಲ್ಲಿ ಗಣಿ ಮುಚ್ಚಿತು, ನೀರು ತುಂಬಿತು.

ಗುಬ್ಬಿ ಗೂಡು
ಬುಧವಾರ, ರಾತ್ರಿ 10:41

ತಾತ, ಇದು ದಾರಿ ತಪ್ಪಿದ ಮಾತೇ ಅಲ್ಲ. ಸೂಪರ್‌ಕಂಡಕ್ಟರ್ ಕ್ಯೂಬಿಟ್‌ಗಳಿಗೆ ಕಾಸ್ಮಿಕ್ ಕಿರಣ ಬಡಿದರೆ ಒಂದೇ ಏಟಿಗೆ ಹಲವು ಕೆಡುತ್ತವೆ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಒಳಗಿನ ಪ್ರಯೋಗಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ.

ಟೊಮೇಟೊ ಮಂಡಿ
ಬುಧವಾರ, ರಾತ್ರಿ 10:45

ಗಣಿಯಲ್ಲಿ ನೀರು ತುಂಬಿದೆ, ಕೆರೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ, ಕೆ.ಸಿ. ವ್ಯಾಲಿ ನೀರು ತುಂಬಿದೆ, ಬೋರ್‌ವೆಲ್ ನೀರು ಕುಡಿಯಬಹುದಾ ಅಂತ ಮೊದಲು ಯಾರಾದರೂ ಅಳೆದು ಹೇಳಲಿ.

ನಿರ್ವಾಹಕ
ಬುಧವಾರ, ರಾತ್ರಿ 11:00

ಕೆ.ಸಿ. ವ್ಯಾಲಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಎರಡು ಎಳೆ ಸೇರಿ ಡಬಲ್ ಗೂಡು ಆಗುವುದು ಬೇಡ. ಇದರ ಕೆಳಗಿದ್ದ 14 ಉತ್ತರಗಳನ್ನು ಅಲ್ಲಿಗೆ ಸಾಗಿಸಿದ್ದೇನೆ.

ಪೈಥಾನ್ ಪಾಪಣ್ಣ
ಗುರುವಾರ, ಬೆಳಿಗ್ಗೆ 7:30

ನಕಲು ಆಗಲ್ಲ ಅಂದಿರಿ. ಆದರೆ ಒಂದೇ ಪಾಕವಿಧಾನದಲ್ಲಿ ಎರಡು ಸಲ ತಯಾರು ಮಾಡಬಹುದಲ್ಲ? ಎರಡನ್ನೂ ಪಕ್ಕಪಕ್ಕ ಇಟ್ಟು ನೇರವಾಗಿ ಹೋಲಿಸಿದರೆ ಆಯಿತು.

ಗುಬ್ಬಿ ಗೂಡು
ಗುರುವಾರ, ಬೆಳಿಗ್ಗೆ 8:10

ಅದನ್ನೂ ಮಾಡಿದ್ದಾರೆ. 2015ರಲ್ಲಿ ಹಾರ್ವರ್ಡಿನವರು ಬೆಳಕಿನ ಜಾಲರಿಯಲ್ಲಿ ರುಬಿಡಿಯಂ ಪರಮಾಣುಗಳನ್ನು ಕೂರಿಸಿ, ಒಂದೇ ಥರದ ಎರಡು ಸಾಲು ತಯಾರು ಮಾಡಿ, ಎರಡನ್ನೂ ಒಂದರೊಳಗೊಂದು ಬೆರೆಸಿದರು. ಶುದ್ಧತೆ ನೇರವಾಗಿ ಬಂತು. ಒಂದು ಸಾಲಿಗೆ ನಾಲ್ಕೇ ಪರಮಾಣು. ಎರಡು ಸಾಲು ಏಕಕಾಲಕ್ಕೆ, ಒಂಚೂರೂ ವ್ಯತ್ಯಾಸ ಇಲ್ಲದೆ ಬೇಕು, ಅದೇ ತಲೆನೋವು. ಗೊತ್ತುಗುರಿಯಿಲ್ಲದ ದಿಕ್ಕಿನ ವಿಧಾನಕ್ಕೆ ಇವತ್ತೊಂದು, ನಾಳೆಯೊಂದು ಆದರೂ ನಡೆಯುತ್ತದೆ.

ಅನುಮಾನದ ಅಂಗಡಿ
ಗುರುವಾರ, ಬೆಳಿಗ್ಗೆ 10:00

ಇಂಟರ್‌ನೆಟ್ಟಿನಲ್ಲಿ ಸ್ವಲ್ಪ ಓದಿಕೊಂಡು ಬಂದೆ. ನಿಮ್ಮ 500ರ ವಿಧಾನವೂ ಕ್ಯೂಬಿಟ್ ಒಂದೊಂದು ಜಾಸ್ತಿಯಾದಾಗ ಹೆಚ್ಚು ಕಮ್ಮಿ ಎರಡು ಪಟ್ಟು ಅಳತೆ ಕೇಳುತ್ತದಂತೆ. ಮೊದಲು 600 ವರ್ಷ ಬೇಕಿತ್ತು, ಈಗ ಕಮ್ಮಿ. ಆದರೆ 50ಕ್ಕೆ ಮತ್ತೆ ಗೋಡೆಗೆ ತಲೆ. ಇನ್ನೂ ಕೇಳಿ. ಒಂದು ಸ್ಥಿತಿಯ ಪೂರ್ತಿ ವಿವರ ಕಾಗದದಲ್ಲಿ ಬರೆದು ಕೊಟ್ಟರೂ ಅದರಲ್ಲಿ ಹೆಣಿಗೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದೇ ಕಂಪ್ಯೂಟರಿಗೆ ಕಠಿಣ ಲೆಕ್ಕಗಳ ಸಾಲಿನದು ಅಂತ 2003ರಲ್ಲಿ ಗುರ್ವಿಟ್ಸ್ ಅನ್ನುವವರು ತೋರಿಸಿದ್ದಾರೆ. ಹೆಣಿಗೆ ಸ್ವಲ್ಪವೇ ಇದ್ದು, ತುಂಬಾ ಇದ್ದ ಹಾಗೆ ನಟಿಸುವ ಸ್ಥಿತಿಗಳೂ ಇವೆಯಂತೆ, ಯಾವ ಬೇಗದ ವಿಧಾನಕ್ಕೂ ವ್ಯತ್ಯಾಸ ಗೊತ್ತಾಗದ ಹಾಗೆ. ಎಲ್ಲಿದೆ ನಿಮ್ಮ ಅಡ್ಡದಾರಿ?

ಕೊನೇ ಬೆಂಚ್
ಗುರುವಾರ, ಮಧ್ಯಾಹ್ನ 1:25

ಸಾರ್, ಆ ಪ್ರಶ್ನೆ ಕೇಳಿದ ಹುಡುಗಿ ನಾನೇ. ಸೀಮೆಸುಣ್ಣ ನಿಮ್ಮ ಜೇಬಲ್ಲೇ ಇತ್ತು.

ಎಲ್ಲ ಓದಿದೆ. ಕೊನೆಗೆ 50ನ್ನೂ ಯಾರೂ ಪೂರ್ತಿ ಅಳೆದಿಲ್ಲ ಅಂತ ಆಯಿತಲ್ಲ?

ಶಿಡ್ಲಘಟ್ಟ ಮೇಷ್ಟ್ರು
ಗುರುವಾರ, ಮಧ್ಯಾಹ್ನ 1:40

ಮಧ್ಯಾಹ್ನ ಲ್ಯಾಬ್ ಇದೆಯಲ್ಲಮ್ಮಾ, ಮೊಬೈಲ್ ಹಿಡಿದು ಏನು ಮಾಡುತ್ತಿದ್ದೀಯಾ?

ಗುಬ್ಬಿ ಗೂಡು
ಗುರುವಾರ, ರಾತ್ರಿ 8:20

ಇಬ್ಬರಿಗೂ ಒಟ್ಟಿಗೆ ಉತ್ತರ. ತಂಗಿ, ನೀನು ಹೇಳಿದ್ದು ಸರಿ. ಪೂರ್ತಿ ಯಾರೂ ಅಳೆದಿಲ್ಲ, ಅಳೆಯುವುದೂ ಇಲ್ಲ. ಅಂಗಡಿಯವರೇ, ನೀವು ಹೇಳಿದ್ದೂ ಸರಿ. ಎಲ್ಲ ಸ್ಥಿತಿಗೂ ನಡೆಯುವ ಬೇಗದ ವಿಧಾನ ಇಲ್ಲ. ಆದರೆ ಪ್ರಯೋಗಾಲಯದವರ ಕೈಗೆ ಸಿಗುವುದು ಯಾವುದೋ ಅಪರಿಚಿತ ಸ್ಥಿತಿಯಲ್ಲ, ತಾವೇ ಮಾಡಿದ್ದು. ಏನು ಮಾಡಲು ಹೊರಟಿದ್ದೆವು ಅಂತ ಗೊತ್ತಿದೆ. ಆ ತಿಳುವಳಿಕೆಯನ್ನೇ ಖರ್ಚು ಮಾಡುತ್ತಾರೆ.

ಉದಾಹರಣೆಗೆ ಜಿಎಚ್‌ಝೆಡ್ ಮಾಡಲು ಹೊರಟಿದ್ದೀರಿ ಅನ್ನಿ. ಆಗ ಕೇಳಬೇಕಾದ್ದು "ಇದು ಏನು?" ಅಂತ ಅಲ್ಲ, "ಇದು ಅದೇನಾ?" ಅಂತ. ಎಲ್ಲವನ್ನೂ ನೇರವಾಗಿ ಅಳೆದರೆ ಎಲ್ಲ 0 ಅಥವಾ ಎಲ್ಲ 1 ಬರುತ್ತಾ ನೋಡಿ. ಆಮೇಲೆ ಎಲ್ಲವನ್ನೂ ಅಡ್ಡ ತಿರುಗಿಸಿ, 1ಗಳ ಎಣಿಕೆ ಸಮವಾ ಬೆಸವಾ ನೋಡಿ. ಕೆಲವೇ ಬಗೆಯ ಅಳತೆ. ಗುರಿಯ ಸ್ಥಿತಿಗೆ ಹೋಲಿಕೆ ಅರ್ಧಕ್ಕಿಂತ ಜಾಸ್ತಿ ಬಂದರೆ ಎಲ್ಲವೂ ಒಂದೇ ಗಂಟಿನಲ್ಲಿ ಇವೆ ಅಂತ ಲೆಕ್ಕ. 14 ಅಯಾನುಗಳಿಗೆ 2011ರಲ್ಲೇ ಇಂಥದ್ದನ್ನು ತೋರಿಸಿದರು.

ಇನ್ನೊಂದು ದಾರಿ ನನಗೆ ತುಂಬಾ ಹಿಡಿಸಿದ್ದು. ಹೊಲದ ಬೇಲಿ ಯೋಚನೆ ಮಾಡಿ. ಪಕ್ಕದ ಹೊಲದವರ ಜೊತೆ ಮಾತುಕತೆ ನಡೆಯುವುದು ಬೇಲಿಯ ಹತ್ತಿರ. ಹೊಲ ಎಷ್ಟು ದೊಡ್ಡದಿದ್ದರೂ ಮಾತು ಬೇಲಿಯ ಉದ್ದಕ್ಕೆ ತಕ್ಕಷ್ಟು. ಪ್ರಕೃತಿಯಲ್ಲಿ ಶಾಂತವಾಗಿರುವ, ಅಂದರೆ ಅತಿ ಕಡಿಮೆ ಶಕ್ತಿಯ ಎಷ್ಟೋ ಸ್ಥಿತಿಗಳಲ್ಲಿ ಹೆಣಿಗೆ ಹೀಗೇ ಇರುತ್ತದೆ, ಗಡಿಯಲ್ಲಿ ಮಾತ್ರ. ಅಯಾನುಗಳ ಸಾಲಿನ ಒಂದು ತುಂಡಿಗೆ ಬೇಲಿ ಅಂದರೆ ಬರೀ ಅದರ ಎರಡು ತುದಿ.

2023ರಲ್ಲಿ ಇನ್ಸ್‌ಬ್ರುಕ್ಕಿನವರು 51 ಅಯಾನುಗಳ ಸಾಲಿನಲ್ಲಿ ಈ ರಚನೆಯನ್ನೇ ಬಳಸಿದರು. ಸಾಲಿನ ಒಂದು ಭಾಗ ತೆಗೆದುಕೊಂಡರೆ ಅದು ಬಿಸಿ ವಸ್ತುವಿನ ಥರ ಕಾಣುತ್ತದೆ. ಬಿಸಿ ಎಲ್ಲ ಕಡೆ ಒಂದೇ ಅಲ್ಲ. ಗಡಿಯ ಹತ್ತಿರ ಜಾಸ್ತಿ, ಒಳಗೆ ಹೋದಷ್ಟೂ ತಣ್ಣಗೆ. ಬಿಸೊನ್ಯಾನೊ ಮತ್ತು ವಿಕ್ಮನ್ ಅನ್ನುವವರು 1970ರ ದಶಕದಲ್ಲಿ ಕಣಗಳ ಸಿದ್ಧಾಂತಕ್ಕಾಗಿ ಬರೆದ ಪ್ರಮೇಯದ ಜಾಡು ಇದು. ಹಾಗಾಗಿ ಹುಡುಕಬೇಕಾದ್ದು 24 ಅಂಕಿಯಷ್ಟು ಸಂಖ್ಯೆಗಳಲ್ಲ, ಒಂದೊಂದು ಜಾಗಕ್ಕೆ ಒಂದೊಂದು ತಾಪಮಾನ. ಊಹೆ ಮಾಡಿ, ಅಳತೆಗೆ ಹೊಂದುತ್ತಾ ನೋಡಿ, ತಿದ್ದಿ. ಸ್ಥಿತಿಗೆ ಶಕ್ತಿ ತುಂಬಿದಾಗ ಹೆಣಿಗೆ ಬೇಲಿ ಬಿಟ್ಟು ಇಡೀ ಹೊಲಕ್ಕೆ ಹರಡುವುದೂ ಅವರಿಗೆ ಕಂಡಿತು.

ಚರಕದವರು
ಗುರುವಾರ, ರಾತ್ರಿ 8:50

ಗೂಡು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಹುಳ ಕಟಕಟ ಅಂದರೆ ಸರಿ ಇದೆ ಅಂತ. ಒಡೆದು ನೋಡಲ್ಲ. ಯಾವ ತಳಿ, ಯಾವ ಊರಿನದು ಅಂತ ಮೊದಲೇ ಗೊತ್ತಿರುವುದರಿಂದ ಅಷ್ಟು ಸಾಕು. ಗೊತ್ತಿಲ್ಲದ ಲಾಟ್ ಆದರೆ ನಾವೂ ಕೈ ಹಾಕಲ್ಲ.

ಪೈಥಾನ್ ಪಾಪಣ್ಣ
ಗುರುವಾರ, ರಾತ್ರಿ 9:05

2020ರಲ್ಲಿ ಬಂದ ಕ್ಲಾಸಿಕಲ್ ಶ್ಯಾಡೋ ಅನ್ನುವುದು ಇನ್ನೂ ಸುಲಭ ಅಲ್ವಾ? ಹುವಾಂಗ್, ಕ್ಯುಂಗ್, ಪ್ರೆಸ್ಕಿಲ್ ಮೂವರದು. ಮೊದಲು ಅಳೆದು ಇಟ್ಟುಕೋ, ಪ್ರಶ್ನೆ ಆಮೇಲೆ ಕೇಳು. ಸಾವಿರ ಪ್ರಶ್ನೆ ಇದ್ದರೂ ಅಳತೆ ಬರೀ ಅದರ ಲಾಗರಿದಮ್ಮಿನಷ್ಟು ಏರುತ್ತದೆ.

ಗುಬ್ಬಿ ಗೂಡು
ಗುರುವಾರ, ರಾತ್ರಿ 9:22

ಹೌದು, ಆದರೆ ಪ್ರಶ್ನೆ ಎರಡು ಮೂರು ಕ್ಯೂಬಿಟ್‌ಗಳದ್ದಾಗಿದ್ದರೆ. ಅಕ್ಕಪಕ್ಕದ ಮೂರು ಕ್ಯೂಬಿಟ್ ಬಗ್ಗೆ ಸಾವಿರ ಪ್ರಶ್ನೆ ಕೇಳಿ, ಅಗ್ಗ. ಇಡೀ 50ರ ಬಗ್ಗೆ ಒಂದೇ ಪ್ರಶ್ನೆ ಕೇಳಿದರೂ ದುಬಾರಿ ಆಗಬಹುದು. "ಆಮೇಲೆ ಕೇಳು" ಅಂದರೆ ಏನು ಬೇಕಾದರೂ ಕೇಳು ಅಂತ ಅಲ್ಲ.

ಕೆಜಿಎಫ್ ತಾತ
ಗುರುವಾರ, ರಾತ್ರಿ 9:50

ನಮ್ಮ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹೆಸರು ಯಾರೂ ಎತ್ತಲಿಲ್ಲವಲ್ಲ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಅಳತೆ ಎಷ್ಟು ನಿಖರ ಇರಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ ಅಂತ 1945ರಲ್ಲಿ ಬರೆದರು, ಕ್ರಾಮರ್-ರಾವ್ ಮಿತಿ. ಅದರ ಕ್ವಾಂಟಮ್ ರೂಪದಲ್ಲಿ ಫಿಷರ್ ಮಾಹಿತಿ ಅಂತ ಒಂದು ಸಂಖ್ಯೆ ಬರುತ್ತದೆ. ಎಲ್ಲ ಕ್ಯೂಬಿಟ್‌ಗಳನ್ನೂ ಒಟ್ಟಿಗೆ ಒಂಚೂರು ತಿರುಗಿಸಿದರೆ ಸ್ಥಿತಿ ಎಷ್ಟು ಬದಲಾಗುತ್ತದೆ ಅಂತ ಅದು ಹೇಳುತ್ತದೆ. 50 ಕ್ಯೂಬಿಟ್ ಬಿಡಿಬಿಡಿಯಾಗಿದ್ದರೆ ಆ ಸಂಖ್ಯೆ 50 ದಾಟುವುದಿಲ್ಲ. ದಾಟಿತೋ, ಎಲ್ಲೋ ಹೆಣಿಗೆ ಇದೆ. 100 ದಾಟಿತೋ, ಕನಿಷ್ಠ ಮೂರರ ಗಂಟು ಇದೆ. ಕೊನೆಯ ಮಿತಿ 2,500. ಒಂದೊಂದನ್ನೂ ಮುಟ್ಟದೆ, ಗುಂಪಾಗಿ ತಿರುಗಿಸಿಯೇ ತಿಳಿಯಬಹುದು.

ಸಿರಾ ಸೀಮೆ
ಗುರುವಾರ, ರಾತ್ರಿ 9:58

ರಾವ್ ಓದಿದ್ದು ಆಂಧ್ರದಲ್ಲಿ, ಮನೆಮಾತು ತೆಲುಗು. ನಮ್ಮವರು ಅಂತ ಎಳೆದುಕೊಳ್ಳುವುದು ಬೇಡ.

ಕೆಜಿಎಫ್ ತಾತ
ಗುರುವಾರ, ರಾತ್ರಿ 10:03

ನಮ್ಮೂರಲ್ಲಿ ಯಾರ ಮನೆಮಾತು ಯಾವುದು ಅಂತ ಕೇಳಿದರೆ ಬೆಳಗಾಗುತ್ತದೆ. ಹುಟ್ಟಿದ್ದು ಹಡಗಲಿ. ಮುಗೀತು.

ನಿರ್ವಾಹಕ
ಗುರುವಾರ, ರಾತ್ರಿ 10:04

ಮುಗೀತು ಅಂದಿದ್ದಾರೆ. ಮುಂದೆ ಹೋಗೋಣ.

ಶಿಡ್ಲಘಟ್ಟ ಮೇಷ್ಟ್ರು
ಶನಿವಾರ, ಸಂಜೆ 6:10

ಮಾತು ಮುಗಿಸಿ ಬಂದೆ. ಹತ್ತೇ ನಿಮಿಷಕ್ಕೆ ಕರೆಂಟ್ ಹೋಯಿತು, ಸ್ಲೈಡೆಲ್ಲ ದಂಡ. ಒಳ್ಳೆಯದೇ ಆಯಿತು.

ಹುಣಸೆ ಬೀಜದ ಆಟ ಆಡಿಸಿದೆ. ಚೀಲದಲ್ಲಿ ಹತ್ತು ಬೀಜ. ಮೊದಲ ಆಟದಲ್ಲಿ ಐದಕ್ಕೆ ಬಣ್ಣ, ಐದು ಹಾಗೇ. ಒಂದು ತೆಗೆದು ನೋಡಿ, ವಾಪಸ್ ಹಾಕಿ, ಅಲ್ಲಾಡಿಸಿ, ಇನ್ನೊಂದು ತೆಗೆಯಬೇಕು. ಹೊಂದಿತಾ? ಇದು ಹೆಣೆದುಕೊಂಡ ಕ್ಯೂಬಿಟ್. ಎರಡನೇ ಆಟದಲ್ಲಿ ಪ್ರತಿ ಸಲವೂ ಚೀಟಿ ಎತ್ತಿ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ಬಂತೋ ಅಷ್ಟು ಬಣ್ಣದ ಬೀಜ. ಇದು ಒಂಟಿ ಕ್ಯೂಬಿಟ್, ಚೀಟಿಯೇ ಗೊತ್ತುಗುರಿಯಿಲ್ಲದ ದಿಕ್ಕು. ಮೊದಲು ಬಣ್ಣದ ಬೀಜದ ಬದಲು ಅವರೆಕಾಳು ಇಟ್ಟಿದ್ದೆ. ಒಬ್ಬ ಕೈಯಲ್ಲೇ ತಡವಿ ನೋಡಿ ತೆಗೆಯುತ್ತಿದ್ದ. ಆಮೇಲೆ ನೇಲ್ ಪಾಲಿಶ್ ಹಚ್ಚಿದ ಹುಣಸೆ ಬೀಜಕ್ಕೆ ಬಂದೆವು. ಎರಡು ಆಟವೂ 60 ಸಲ. ಮೊದಲನೆಯದರಲ್ಲಿ 32 ಹೊಂದಿತು, ಎರಡನೆಯದರಲ್ಲಿ 41. ಬೀಜ ಎಣಿಸದೆಯೇ ಯಾವ ಚೀಲ ಯಾವುದು ಅಂತ ಹೇಳಿದಾಗ ಕ್ಲಾಸು ಚಪ್ಪಾಳೆ ಹೊಡೆಯಿತು.

ಪೈಥಾನ್ ಪಾಪಣ್ಣ
ಶನಿವಾರ, ಸಂಜೆ 6:30

ಸಾರ್, ಚೀಟಿ ಸೊನ್ನೆಯಿಂದ ಹತ್ತು ಅಂದರೆ 11 ಥರ. ಆಗ ಹೊಂದುವ ಸಾಧ್ಯತೆ ಮೂರರಲ್ಲಿ ಎರಡಲ್ಲ, ಸರಿಯಾಗಿ 0.7. ಈ ಸಲ ನಾನೇ ಹಿಡಿದೆ.

ಕೆಜಿಎಫ್ ತಾತ
ಶನಿವಾರ, ಸಂಜೆ 6:41

ಶಹಭಾಷ್.

ಕೊನೇ ಬೆಂಚ್
ಶನಿವಾರ, ರಾತ್ರಿ 8:00

ನೇಲ್ ಪಾಲಿಶ್ ನನ್ನದು ಸಾರ್. ಬಾಟಲಿ ಖಾಲಿ.

ಒಂದು ಡೌಟ್ ಉಳೀತು. 60 ಸಲಕ್ಕೆ 32 ಮತ್ತು 41 ಅಷ್ಟು ದೂರ ಬಂದದ್ದು ನಮ್ಮ ಅದೃಷ್ಟ ಅಲ್ವಾ? ಹತ್ತು ಸಲ ಮಾತ್ರ ಆಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಗುಬ್ಬಿ ಗೂಡು
ಶನಿವಾರ, ರಾತ್ರಿ 8:15

ಗೊತ್ತಾಗುತ್ತಿರಲಿಲ್ಲ. ಇದು ಒಂದೇ ಕ್ಯೂಬಿಟ್. ಹತ್ತು ಕ್ಯೂಬಿಟ್‌ಗೆ ಎಷ್ಟು ಸಲ ಆಡಬೇಕು ಅಂತ ಲೆಕ್ಕ ಹಾಕು, ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ಆಗುತ್ತದೆ. ಡಿಗ್ರಿ ಮುಗಿದ ಮೇಲೆ ಏನು ಮಾಡುತ್ತೀಯಾ? ಮೆಸೇಜ್ ಮಾಡು.

ಚರಕದವರು
ಶನಿವಾರ, ರಾತ್ರಿ 9:30

ಮೇಷ್ಟ್ರೇ, ಮುಂದಿನ ಸಲ ಮಕ್ಕಳಿಗೆ ತೋರಿಸಲು ಡಬಲ್ ಗೂಡು ಬೇಕಿದ್ದರೆ ಹೇಳಿ. ಒಂದು ಬುಟ್ಟಿ ಆರಿಸಿ ಬೇರೆ ಇಟ್ಟಿದ್ದೇನೆ. ದುಡ್ಡೇನೂ ಬೇಡ, ಹೇಗಿದ್ದರೂ ಅದು ನಮ್ಮ ಚರಕಕ್ಕೆ ಬರಲ್ಲ.